ಅಗ್ಗದ ಕೊಲೆ, ಚುರುಕು ಮಾತು: ಹಳೆಯ ವರದಿಗಾರ ಚಿತ್ರಗಳನ್ನು ನಾನು ಬಿಡಿಸಿ ನೋಡಿದ ಬಗೆ

ಹವ್ಯಾಸಿ ರಂಗತಂಡಗಳಿಗೆ ನಾಟಕಗಳನ್ನೂ ಗೆಳೆಯರ ಕಿರುಚಿತ್ರಗಳಿಗೆ ಚಿತ್ರಕಥೆಗಳನ್ನೂ ಬರೆದುಕೊಡುವುದು ನನ್ನ ಕೆಲಸ. ನನ್ನ ಪಾಲಿಗೆ ಬರುವ ಬಂಡವಾಳವೆಂದರೆ ಕೇಳಿ ಪಡೆದ ಒಂದು ಮನೆ, ನಾಲ್ಕೈದು ನಟರು, ಕಚೇರಿ ಮುಗಿಸಿ ಅವರು ಕೊಡಬಲ್ಲ ಕೆಲವು ಸಂಜೆಗಳು. ಇಷ್ಟರಲ್ಲಿಯೇ ಒಂದು ಕೊಲೆಯ ಕಥೆ ಹೇಳಬೇಕೆಂದು ಹೊರಟಾಗ, ಹಣವನ್ನು ಧಾರಾಳವಾಗಿ ಸುರಿದು ಮಾಡಿದ ಪತ್ತೇದಾರಿ ಚಿತ್ರಗಳಿಗಿಂತ, ಹಣವಿಲ್ಲದೆಯೇ ಇಂಥ ಚಿತ್ರಗಳನ್ನು ಒಂದರ ಹಿಂದೊಂದರಂತೆ ತಯಾರಿಸಿ ಮಾರಿದವರಿಂದ ಕಲಿಯುವುದೇ ಮೇಲೆಂದು ತೋರಿತು. ಅಂಥವರು 1930 ಮತ್ತು 1940ರ ದಶಕಗಳ ಹಾಲಿವುಡ್‌ನಲ್ಲಿ ಒಂದು ಕೇರಿಯಷ್ಟು ಜನರಿದ್ದರು. ಗೋವರ್ ಸ್ಟ್ರೀಟಿನ ಸುತ್ತಮುತ್ತ ನೆಲೆಸಿದ್ದ ಈ ಸಣ್ಣ ಕಂಪನಿಗಳ ಗುಂಪಿಗೆ ‘ಪಾವರ್ಟಿ ರೋ’ ಎಂಬ ಹೆಸರು ಬಿದ್ದಿತ್ತು. ಮೊನೊಗ್ರಾಂ, ಚೆಸ್ಟರ್‌ಫೀಲ್ಡ್, ಮೆಜೆಸ್ಟಿಕ್, ತಡವಾಗಿ ಬಂದ ಪಿ.ಆರ್.ಸಿ. ಮೊದಲಾದವು ಆ ಗುಂಪಿನವು. ಇವರ ಕೊಲೆಯ ಕಥೆಗಳಲ್ಲಿ ಮತ್ತೆ ಮತ್ತೆ ಎದುರಾಗುವವನು ಒಬ್ಬ ಪತ್ರಿಕಾ ವರದಿಗಾರ, ಅನೇಕ ಸಲ ವರದಿಗಾರ್ತಿ: ಹ್ಯಾಟನ್ನು ಹಿಂದಕ್ಕೆ ಸರಿಸಿಕೊಂಡು, ಹೆಣದ ಪಕ್ಕದಲ್ಲಿ ನಿಂತೂ ಚಟಾಕಿ ಹಾರಿಸುತ್ತ, ಪೊಲೀಸರಿಗಿಂತ ಒಂದು ಹೆಜ್ಜೆ ಮುಂದೆ ಇರುವ ಆಸಾಮಿ. ಸುಮ್ಮನೆ ನೋಡಿದರೆ ಈ ಪಾತ್ರ ಹಾಸ್ಯದ ಒಗ್ಗರಣೆಯಂತೆ ಕಾಣುತ್ತದೆ. ಬಿಡಿಸಿ ನೋಡಿದಾಗ, ನಿರ್ಮಾಪಕರು ಕೊಳ್ಳಲಾಗದ ಸೆಟ್ಟು, ಜನಜಂಗುಳಿ, ಬೆನ್ನಟ್ಟುವ ದೃಶ್ಯ ಎಲ್ಲಕ್ಕೂ ಬದಲಾಗಿ ದುಡಿಯುತ್ತಿರುವುದು ಈ ಪಾತ್ರವೇ ಎಂಬುದು ನನಗೆ ಗೊತ್ತಾಯಿತು.

ಚಿತ್ರಗಳನ್ನು ಸಂಪಾದಿಸುವುದು ಕಷ್ಟವಾಗಲಿಲ್ಲ. ಅಮೆರಿಕದ ಅಂದಿನ ಕಾನೂನಿನಂತೆ, 1964ಕ್ಕೆ ಮೊದಲು ಪ್ರಕಟವಾದ ಕೃತಿಯ ಹಕ್ಕನ್ನು ಅದರ 28ನೆಯ ವರ್ಷದಲ್ಲಿ ನವೀಕರಿಸದಿದ್ದರೆ ಅದು ಸಾರ್ವಜನಿಕ ಸ್ವತ್ತಾಗುತ್ತಿತ್ತು. ಆ ವೇಳೆಗೆ ಮುಚ್ಚಿಹೋಗಿದ್ದ ಸಣ್ಣ ಕಂಪನಿಗಳ ಪರವಾಗಿ ಅರ್ಜಿ ಹಾಕುವವರು ಯಾರೂ ಇರಲಿಲ್ಲವಾದ್ದರಿಂದ ಅವುಗಳ ಎಷ್ಟೋ ಚಿತ್ರಗಳು ಇಂದು ಯಾರು ಬೇಕಾದರೂ ನೋಡಬಹುದಾದ ಸ್ಥಿತಿಯಲ್ಲಿವೆ. ಕಷ್ಟವಾದದ್ದು ಒಳ್ಳೆಯ ಕಾಪಿ ಸಿಗುವುದು. ದೂರದರ್ಶನಕ್ಕೆಂದು 16 ಮಿಲಿಮೀಟರ್‌ಗೆ ಇಳಿಸಿ, ಅದರಿಂದ ಮತ್ತೊಂದಕ್ಕೆ, ಮತ್ತೊಂದರಿಂದ ಮಗದೊಂದಕ್ಕೆ ನಕಲಾದ ಪ್ರತಿಗಳಲ್ಲಿ ಮಾತಿಗಿಂತ ಕರಕರ ಸದ್ದೇ ಹೆಚ್ಚು. ಮಾತೇ ಜೀವಾಳವಾದ ಚಿತ್ರಗಳಲ್ಲಿ ಇದು ಸಣ್ಣ ತೊಂದರೆಯಲ್ಲ. ಹಾಗಾಗಿ ಒಂದೇ ಚಿತ್ರದ ಬೇರೆ ಬೇರೆ ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಒಂದರಲ್ಲಿ ಹಾರಿಹೋದ ಸಾಲನ್ನು ಇನ್ನೊಂದರಲ್ಲಿ ಹುಡುಕಿ ಬರೆದುಕೊಳ್ಳುವುದು ನನ್ನ ಕ್ರಮವಾಯಿತು. ಕಾಪಿಯ ವಿಷಯ ಎಷ್ಟು ಮುಖ್ಯವೆನ್ನುವುದಕ್ಕೆ ದೊಡ್ಡ ಉದಾಹರಣೆಯೇ ಇದೆ. ಈ ಇಡೀ ಪರಂಪರೆಗೆ ಮೂಲವೆನ್ನಬಹುದಾದ ‘ದಿ ಫ್ರಂಟ್ ಪೇಜ್’ 1931ರಲ್ಲಿ ತೆರೆಗೆ ಬಂತು. ಆ ಕಾಲದಲ್ಲಿ ಅಮೆರಿಕಕ್ಕೊಂದು, ಹೊರದೇಶಗಳಿಗೊಂದು ಎಂದು ಬೇರೆ ನೆಗೆಟಿವ್‌ಗಳನ್ನು ತಯಾರಿಸುತ್ತಿದ್ದರು, ಚೆನ್ನಾಗಿ ಬಂದ ಟೇಕ್‌ಗಳನ್ನು ಅಮೆರಿಕದ ಪ್ರತಿಗೆ ಬಳಸುತ್ತಿದ್ದರು. ದಶಕಗಳ ಕಾಲ ಜನ ನೋಡುತ್ತ ಬಂದದ್ದು ಹೊರದೇಶಕ್ಕೆ ಕಳಿಸಿದ ಪ್ರತಿಯನ್ನು ಎಂಬುದು ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿಯ ಚಿತ್ರಭಂಡಾರದವರು 2016ರಲ್ಲಿ ಅಮೆರಿಕದ ಪ್ರತಿಯನ್ನು ಸರಿಪಡಿಸಿ ಹೊರತಂದಾಗ ತಿಳಿಯಿತು. ಎರಡನ್ನೂ ನೋಡಿದರೆ, ಅದೇ ಮಾತು, ಅದೇ ನಟ, ಆದರೂ ಅರ್ಧ ಉಸಿರಿನಷ್ಟು ಬೇಗ ಬಂದ ಉತ್ತರ ಹೇಗೆ ನಗೆಯಾಗುತ್ತದೆ ಎಂಬುದು ಅರ್ಥವಾಗುತ್ತದೆ.

ಆ ಚಿತ್ರಕ್ಕೆ ಆಧಾರವಾದ, ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕ್‌ಆರ್ಥರ್ 1928ರಲ್ಲಿ ಬ್ರಾಡ್‌ವೇಗೆ ಬರೆದ ನಾಟಕವನ್ನೂ ನಾನು ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಇಬ್ಬರೂ ಶಿಕಾಗೋದಲ್ಲಿ ವರದಿಗಾರರಾಗಿ ದುಡಿದವರು. ನ್ಯಾಯಾಲಯದ ಕಟ್ಟಡದಲ್ಲಿ ವರದಿಗಾರರು ಕೂರುವ ಒಂದೇ ಕೋಣೆ, ಅದರ ತುಂಬ ಟೆಲಿಫೋನುಗಳು, ಹೊರಗೆ ಮರುದಿನದ ಗಲ್ಲಿಗೆ ಸಿದ್ಧವಾಗುತ್ತಿರುವ ಕಂಬ. ನಾಟಕದ ಸರಕು ಅಷ್ಟೇ. ಊರೆಲ್ಲ ಅಲ್ಲೋಲಕಲ್ಲೋಲವಾಗುವುದು ನಮಗೆ ತಿಳಿಯುವುದು ಆ ಫೋನುಗಳ ಮೂಲಕ ಮಾತ್ರ. ಅಗ್ಗದ ಚಿತ್ರಗಳನ್ನು ಮಾಡುವವರಿಗೆ ಇದಕ್ಕಿಂತ ದೊಡ್ಡ ವರ ಬೇಕಿರಲಿಲ್ಲ.

ವರ ಏಕೆಂದರೆ ಅವರ ಲೆಕ್ಕವೇ ಹಾಗಿತ್ತು. ಆರ್ಥಿಕ ಕುಸಿತದ ವರ್ಷಗಳಲ್ಲಿ ಅಮೆರಿಕದ ಚಿತ್ರಮಂದಿರಗಳು ಒಂದೇ ಟಿಕೆಟಿಗೆ ಎರಡು ಚಿತ್ರಗಳನ್ನು ತೋರಿಸತೊಡಗಿದವು. ಮೊದಲ ದರ್ಜೆಯ ಚಿತ್ರಕ್ಕೆ ಗಳಿಕೆಯಲ್ಲಿ ಶೇಕಡಾವಾರು ಪಾಲು ಸಿಗುತ್ತಿತ್ತು. ಜೊತೆಗೆ ಓಡುವ ‘ಬಿ’ ಚಿತ್ರಕ್ಕೆ ಸಾಮಾನ್ಯವಾಗಿ ಇಂತಿಷ್ಟೇ ಎಂದು ನಿಗದಿಯಾದ ಬಾಡಿಗೆ. ಎಂದರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ವರಮಾನ ಹೆಚ್ಚುವಂತಿಲ್ಲ, ಆದ್ದರಿಂದ ಖರ್ಚಿನಲ್ಲಿ ಉಳಿಸಿದ್ದೇ ಲಾಭ. ಈ ಒಂದು ಸಂಗತಿಯನ್ನು ತಲೆಯಲ್ಲಿಟ್ಟುಕೊಂಡು ನೋಡಿದರೆ, ಒಂದು ಗಂಟೆ, ಬಹಳವೆಂದರೆ ಎಪ್ಪತ್ತು ನಿಮಿಷದ ಆ ಚಿತ್ರಗಳ ಪ್ರತಿಯೊಂದು ಆಯ್ಕೆಯ ಹಿಂದಿರುವ ಕಾರಣ ಕಾಣತೊಡಗುತ್ತದೆ. ಸೆಟ್ಟನ್ನು ಕಟ್ಟುವುದರ ಬದಲು ದೊಡ್ಡವರದ್ದನ್ನು ಬಾಡಿಗೆಗೆ ಪಡೆಯುವುದೂ ಇತ್ತು. ಮೆಜೆಸ್ಟಿಕ್ ಕಂಪನಿ 1933ರ ‘ದಿ ವ್ಯಾಂಪೈರ್ ಬ್ಯಾಟ್’ ಚಿತ್ರವನ್ನು ಯುನಿವರ್ಸಲ್‌ನ ಸೆಟ್ಟುಗಳಲ್ಲಿ ತೆಗೆಯಿತು, ಹಾಗಾಗಿ ಅದು ತನ್ನ ಜೇಬಿಗೆ ಮೀರಿದ ಕಳೆಯಿಂದ ಕಾಣುತ್ತದೆ.

ಇನ್ನು ನಾನು ಬಿಡಿಸಿದ ಬಗೆ. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಪ್ರತಿ ದೃಶ್ಯಕ್ಕೂ ಒಂದು ಸಾಲು ಬಿಟ್ಟು, ದೃಶ್ಯ ನಡೆಯುವ ಜಾಗ, ಅಲ್ಲಿರುವವರು, ದೃಶ್ಯ ಶುರುವಾದಾಗ ವರದಿಗಾರನಿಗೆ ಗೊತ್ತಿದ್ದದ್ದು, ಮುಗಿದಾಗ ಗೊತ್ತಾದದ್ದು, ಪೊಲೀಸನಿಗೆ ಗೊತ್ತಿಲ್ಲದೆ ಉಳಿದದ್ದು ಎಂದು ಅಂಕಣಗಳನ್ನು ಎಳೆದುಕೊಂಡೆ. ಇನ್ನೊಂದು ಅಂಕಣ ಚಟಾಕಿಗಳಿಗೆ: ಯಾರು ಯಾರ ಮೇಲೆ ಹಾರಿಸಿದ್ದು, ಅದರ ಬೆನ್ನಿಗೇ ಬಂದ ಮಾತು ಯಾವುದು. ಕೊನೆಯ ಅಂಕಣದಲ್ಲಿ ತೆರೆಯ ಮೇಲೆ ತೋರಿಸದೆ ಬಾಯಲ್ಲಿ ಹೇಳಿ ಮುಗಿಸಿದ ಘಟನೆಗಳು. ಈ ಕೊನೆಯ ಅಂಕಣವೇ ಎಲ್ಲಕ್ಕಿಂತ ಬೇಗ ತುಂಬುತ್ತಿತ್ತು. ಅಪಘಾತ, ಬೆಂಕಿ, ಪರಾರಿ, ಉಯಿಲಿನ ಓದು, ಹಿಂದಿನ ಕೊಲೆ ಎಲ್ಲವೂ ಒಂದು ಫೋನಿನಲ್ಲಿ, ಒಂದು ತಲೆಬರಹದಲ್ಲಿ ಆಗಿಹೋಗುತ್ತವೆ. ಅಚ್ಚಿನ ಯಂತ್ರ ತಿರುಗುವ ಹಳೆಯ ತುಣುಕನ್ನು ಹಾಕಿ ಅದರ ಮೇಲೆ ಪತ್ರಿಕೆಯ ಮುಖಪುಟವನ್ನು ತೋರಿಸಿದರೆ ಒಂದು ವಾರದ ಕಥೆ ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ. ಮುಖ್ಯ ಪಾತ್ರ ಪತ್ರಿಕೆಯಲ್ಲೇ ಕೆಲಸ ಮಾಡುವುದರಿಂದ ಈ ತಂತ್ರ ಹೊರಗಿನಿಂದ ಅಂಟಿಸಿದಂತೆಯೂ ಕಾಣುವುದಿಲ್ಲ.

ಮೊದಲು ಬಿಡಿಸಿದ್ದು ‘ಸ್ಮಾರ್ಟ್ ಬ್ಲಾಂಡ್’ (1937). ಇದು ಪಾವರ್ಟಿ ರೋದ್ದಲ್ಲ, ವಾರ್ನರ್ ಸಂಸ್ಥೆಯ ‘ಬಿ’ ವಿಭಾಗದ್ದು. ಬ್ರಯನ್ ಫಾಯ್ ನಡೆಸುತ್ತಿದ್ದ ಆ ವಿಭಾಗದ ಅಚ್ಚುಕಟ್ಟು ಸಣ್ಣ ಕಂಪನಿಗಳಿಗೆ ಇರಲಿಲ್ಲ, ಆದ್ದರಿಂದ ವಿಧಾನವನ್ನು ಕಲಿಯಲು ಇಲ್ಲಿಂದ ಶುರುಮಾಡುವುದೇ ಸರಿ. ಒಂದು ಗಂಟೆಗೆ ಒಂದು ನಿಮಿಷ ಕಡಿಮೆಯಿರುವ ಈ ಚಿತ್ರದ ಮೊದಲ ಕೆಲವು ನಿಮಿಷಗಳನ್ನು ಬರೆದುಕೊಳ್ಳುವುದಕ್ಕೇ ನನಗೆ ಒಂದು ಇಡೀ ಸಂಜೆ ಹಿಡಿಯಿತು. ವರದಿಗಾರ್ತಿ ಟಾರ್ಚಿ ಬ್ಲೇನ್ ಟ್ಯಾಕ್ಸಿಯಲ್ಲಿ ರೈಲಿನ ಬೆನ್ನುಹತ್ತಿ, ಓಡುವ ರೈಲಿಗೆ ಹಾರಿ, ಊರಿನ ನೈಟ್‌ಕ್ಲಬ್ ವ್ಯವಹಾರವನ್ನು ಕೊಳ್ಳಲು ಬರುತ್ತಿರುವ ಮನುಷ್ಯನನ್ನು ಸಂದರ್ಶಿಸುತ್ತಾಳೆ. ಊರು ತಲುಪಿದ ಕೂಡಲೇ ಆತ ಗುಂಡಿಗೆ ಬಲಿಯಾಗುತ್ತಾನೆ. ಇಷ್ಟರಲ್ಲಿ ನಾಯಕಿಯ ಸ್ವಭಾವ, ಆಕೆಯ ಉದ್ಯೋಗ, ಸತ್ತವನ ವ್ಯವಹಾರ, ಆ ವ್ಯವಹಾರದಿಂದ ಯಾರಿಗೆ ಲಾಭ ಯಾರಿಗೆ ನಷ್ಟ ಎಂಬ ವಿವರ, ಕೊಲೆಯ ಸಾಕ್ಷಿ ಎಲ್ಲವೂ ನಮ್ಮ ಕೈಸೇರಿರುತ್ತವೆ. ವಿವರಗಳನ್ನು ಒಪ್ಪಿಸುವ ಕೆಲಸವನ್ನು ಸಂದರ್ಶನ ಎಂಬ ರೂಪದಲ್ಲಿ ಮುಗಿಸಿಬಿಟ್ಟದ್ದು ಚಿತ್ರಕಥೆಯ ಜಾಣತನ. ಬೇರೆ ಯಾವ ಪಾತ್ರ ಅಪರಿಚಿತನೊಬ್ಬನ ಎದುರು ಕೂತು ‘ನೀವು ಯಾರು, ಏಕೆ ಬಂದಿರಿ, ಎಷ್ಟು ಕೊಡುತ್ತಿದ್ದೀರಿ’ ಎಂದು ಕೇಳಿದರೂ ಅಸಹಜವೆನಿಸುತ್ತದೆ. ವರದಿಗಾರ್ತಿ ಕೇಳದಿದ್ದರೆ ಅಸಹಜ.

ಟಾರ್ಚಿಯ ಹುಟ್ಟಿನ ಕಥೆಯೂ ಚಿತ್ರಕಥೆ ಬರೆಯುವವರಿಗೆ ಪಾಠ. ಫ್ರೆಡರಿಕ್ ನೆಬೆಲ್ ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆಗೆ ಬರೆಯುತ್ತಿದ್ದ ಕಥೆಗಳಲ್ಲಿ ಪೊಲೀಸ್ ಅಧಿಕಾರಿ ಮ್ಯಾಕ್‌ಬ್ರೈಡ್‌ನ ಜೊತೆಗಾರ ಕೆನಡಿ ಎಂಬ ಕುಡುಕ ವರದಿಗಾರ. ವಾರ್ನರ್‌ನವರು ಆ ಗಂಡಸಿನ ಜಾಗಕ್ಕೆ ಹೆಂಗಸನ್ನು ತಂದು, ಗ್ಲೆಂಡಾ ಫ್ಯಾರೆಲ್‌ಗೆ ಪಾತ್ರವನ್ನು ಕೊಟ್ಟರು. ಆ ಒಂದು ಬದಲಾವಣೆಯಿಂದ ಪೊಲೀಸ್ ಮತ್ತು ಪತ್ರಿಕೆಯ ಜಗಳ ಪ್ರೇಮಿಗಳ ಜಗಳವೂ ಆಯಿತು. ಸುಳಿವಿನ ಬಗ್ಗೆ ಮಾತಾಡುತ್ತಿರುವಾಗಲೇ ಮುಂದೆ ಹೋಗುತ್ತಲೇ ಇರುವ ಮದುವೆಯ ಬಗ್ಗೆಯೂ ಮಾತಾಡಬಹುದಾಯಿತು. ಒಂದೇ ದೃಶ್ಯದಲ್ಲಿ ಎರಡು ಕಥೆಗಳು, ಒಂದೇ ಸೆಟ್ಟಿನ ಖರ್ಚು. 1937ರಿಂದ 1939ರವರೆಗೆ ಬಂದ ಒಂಬತ್ತು ಚಿತ್ರಗಳಲ್ಲಿ ಏಳರಲ್ಲಿ ಫ್ಯಾರೆಲ್ ಟಾರ್ಚಿಯಾದರೆ, ಒಂದರಲ್ಲಿ ಲೋಲಾ ಲೇನ್, ಕೊನೆಯದರಲ್ಲಿ ಜೇನ್ ವೈಮನ್. ಸೂಪರ್‌ಮ್ಯಾನ್‌ನ ಜನಕರಲ್ಲಿ ಒಬ್ಬನಾದ ಜೆರಿ ಸೀಗೆಲ್, ಆ ಕಥೆಗಳ ವರದಿಗಾರ್ತಿ ಲೋಯಿಸ್ ಲೇನ್‌ಗೆ ಟಾರ್ಚಿಯೇ ಪ್ರೇರಣೆಯೆಂದೂ ಹೆಸರು ಲೋಲಾ ಲೇನ್‌ಳಿಂದ ಬಂದದ್ದೆಂದೂ 1988ರಲ್ಲಿ ‘ಟೈಮ್’ ಪತ್ರಿಕೆಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಕವಿತೆ ಹೇಳುವ ಪೆದ್ದ ಪೊಲೀಸ್ ಗಹಗನ್‌ನ ಪಾತ್ರದಲ್ಲಿ ನಟ ಟಾಮ್ ಕೆನಡಿ ಮಾತ್ರ ಒಂಬತ್ತರಲ್ಲೂ ಇದ್ದಾನೆ. ನನಗೆ ಮೊದಮೊದಲು ಅವನ ಪಾತ್ರ ಬೇಸರ ತರಿಸುತ್ತಿತ್ತು. ಹಾಳೆಯ ಮೇಲೆ ನೋಡಿದಾಗ, ಪ್ರೇಕ್ಷಕ ಮರೆತಿರಬಹುದಾದ ಸುಳಿವನ್ನು ಎರಡನೆಯ ಸಲ ಹೇಳಿಸುವುದಕ್ಕೆ ಅವನ ಪೆದ್ದುತನವನ್ನು ಬಳಸಿಕೊಂಡಿದ್ದಾರೆ ಎಂಬುದು ಕಂಡಿತು.

ಎರಡನೆಯದಾಗಿ ಎತ್ತಿಕೊಂಡದ್ದು ನಿಜವಾದ ಬಡ ಚಿತ್ರ, ‘ಎ ಶ್ರೀಕ್ ಇನ್ ದಿ ನೈಟ್’ (1933). ಅಲೈಡ್ ಎಂಬ ಸಣ್ಣ ಕಂಪನಿಗಾಗಿ ಆಲ್ಬರ್ಟ್ ರೇ ನಿರ್ದೇಶಿಸಿದ್ದು. ನೃತ್ಯಚಿತ್ರಗಳಿಂದ ಜಗತ್ಪ್ರಸಿದ್ಧಳಾಗುವುದಕ್ಕೆ ತುಸು ಮೊದಲಿನ ಜಿಂಜರ್ ರೋಜರ್ಸ್ ಮತ್ತು ಲೈಲ್ ಟಾಲ್ಬಟ್ ಇದರಲ್ಲಿ ಎದುರಾಳಿ ಪತ್ರಿಕೆಗಳ ವರದಿಗಾರರು. ಎತ್ತರದ ಕಟ್ಟಡದಿಂದ ಒಬ್ಬ ಧನಿಕ ಕೆಳಗೆ ಬಿದ್ದು ಸಾಯುತ್ತಾನೆ. ಪ್ಯಾಟ್ ಮಾರ್ಗನ್ ಎಂಬ ವರದಿಗಾರ್ತಿ ಅವನ ಕಾರ್ಯದರ್ಶಿಯಂತೆ ನಟಿಸುತ್ತ ಮೊದಲೇ ಆ ಮನೆಯನ್ನು ಸೇರಿಕೊಂಡಿರುತ್ತಾಳೆ. ಕಥೆಯ ಬಹುಭಾಗ ಒಂದೇ ವಸತಿ ಕಟ್ಟಡದೊಳಗೆ ನಡೆಯುತ್ತದೆ. ಹಾಗಿದ್ದೂ ಅದು ಇಕ್ಕಟ್ಟೆನಿಸದಿರಲು ಕಾರಣ ಟೆಲಿಫೋನು. ಸುದ್ದಿಮನೆಗೆ ಫೋನು, ಪೊಲೀಸ್ ಠಾಣೆಗೆ ಫೋನು, ಅದನ್ನು ಕದ್ದು ಕೇಳುವವರು, ಸುದ್ದಿಯನ್ನು ಲಪಟಾಯಿಸುವ ಪ್ರತಿಸ್ಪರ್ಧಿ. ತಂತಿಯ ಆ ತುದಿಯಲ್ಲಿ ಒಂದು ಊರು ಇದೆಯೆಂದು ನಾವು ನಂಬಿಬಿಡುತ್ತೇವೆ. ಆರಂಭದ ಮಾತಿನ ಚಿತ್ರಗಳ ರೀತಿಯಂತೆ ಹಿನ್ನೆಲೆ ಸಂಗೀತವೂ ಇಲ್ಲದಿರುವುದರಿಂದ ಮಾತು ನಿಂತ ಕೂಡಲೇ ಕೋಣೆ ಮೌನವಾಗುತ್ತದೆ, ಆ ಮೌನ ದಿಗಿಲು ಹುಟ್ಟಿಸುತ್ತದೆ. ನಮ್ಮ ಕಿರುಚಿತ್ರಗಳಲ್ಲಿ ಪುಕ್ಕಟೆ ಸಿಗುತ್ತದೆಂದು ಉದ್ದಕ್ಕೂ ಸಂಗೀತವನ್ನು ಸುರಿಯುವವರಿಗೆ ನಾನು ಈ ಚಿತ್ರವನ್ನು ತೋರಿಸುತ್ತಿರುತ್ತೇನೆ.

ಈ ಹಂತದಲ್ಲಿ ನನಗೆ ತುಂಬ ಉಪಯೋಗವಾದ ಅಭ್ಯಾಸವೆಂದರೆ ಒಂದೇ ಚಿತ್ರವನ್ನು ಒಮ್ಮೆ ಪರದೆ ಮುಚ್ಚಿ ಬರೀ ಕೇಳುವುದು, ಇನ್ನೊಮ್ಮೆ ಸದ್ದು ಅಡಗಿಸಿ ಬರೀ ನೋಡುವುದು. ಸದ್ದಿಲ್ಲದೆ ನೋಡಿದರೆ ಈ ಚಿತ್ರಗಳ ಬಡತನ ಮುಖಕ್ಕೆ ರಾಚುತ್ತದೆ: ನಾಲ್ಕು ಜನ ಸಾಲಾಗಿ ನಿಂತಿದ್ದಾರೆ, ಕ್ಯಾಮೆರಾ ಅಲುಗುವುದಿಲ್ಲ, ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಅದೇ ದೃಶ್ಯ ಓಡುತ್ತಿದೆಯೆನ್ನಿಸುತ್ತದೆ. ವೇಗ ಇರುವುದು ನಾಲಗೆಯಲ್ಲಿ. ಮೂಲ ನಾಟಕದಲ್ಲಿ ವರದಿಗಾರ ಹಿಲ್ಡಿ ಜಾನ್ಸನ್ ಆಗಿದ್ದ ಲೀ ಟ್ರೇಸಿ ಸಿನಿಮಾಕ್ಕೆ ಬಂದಾಗ ಆ ನಾಲಗೆಯೂ ಜೊತೆಗೇ ಬಂತು. 1932ರ ‘ಡಾಕ್ಟರ್ ಎಕ್ಸ್’ನಲ್ಲಿ, ಕೈಕುಲುಕಿದವರನ್ನು ಬೆಚ್ಚಿಬೀಳಿಸುವ ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಭಯಾನಕ ಚಿತ್ರವೊಂದರ ನಟ್ಟನಡುವೆ ಹರಟುತ್ತ ತಿರುಗುವ ವರದಿಗಾರ ಅವನೇ. ಮರುವರ್ಷದ ‘ಮಿಸ್ಟರಿ ಆಫ್ ದಿ ವ್ಯಾಕ್ಸ್ ಮ್ಯೂಸಿಯಂ’ನಲ್ಲಿ ಅದೇ ಕೆಲಸ ಗ್ಲೆಂಡಾ ಫ್ಯಾರೆಲ್‌ಳದ್ದು. ಇವೆರಡೂ ಬಣ್ಣದ, ಖರ್ಚಿನ ಚಿತ್ರಗಳು, ನನ್ನ ಪಟ್ಟಿಗೆ ಸೇರುವಂಥವಲ್ಲ. ಆದರೆ ಎರಡನೆಯದನ್ನು 1953ರಲ್ಲಿ ‘ಹೌಸ್ ಆಫ್ ವ್ಯಾಕ್ಸ್’ ಎಂದು ಮೂರು ಆಯಾಮದಲ್ಲಿ ಮತ್ತೆ ತೆಗೆದಾಗ ವರದಿಗಾರ್ತಿಯ ಪಾತ್ರವನ್ನೇ ಕೈಬಿಟ್ಟರು ಎಂಬುದನ್ನು ಗಮನಿಸಬೇಕು. ತೆರೆಯಿಂದ ವಸ್ತುಗಳು ಪ್ರೇಕ್ಷಕನ ಮುಖಕ್ಕೆ ಹಾರಿಬರುವಾಗ ಚಟಾಕಿಯ ಅಗತ್ಯ ಬೀಳಲಿಲ್ಲ. ಆ ಪಾತ್ರ ಯಾವುದಕ್ಕೆ ಬದಲಾಗಿ ದುಡಿಯುತ್ತಿತ್ತು ಎಂಬುದಕ್ಕೆ ನನಗೆ ಸಿಕ್ಕ ಅತಿ ಗಟ್ಟಿ ಸಾಕ್ಷಿ ಇದು.

ಚಟಾಕಿಗಳ ಅಂಕಣವನ್ನು ಓದುತ್ತ ಹೋದಂತೆ ಒಂದು ಕ್ರಮ ಕಾಣತೊಡಗಿತು. ಕೆಲಸಕ್ಕೆ ಬಾರದ ಚಟಾಕಿಗಳು ಬೇಕಾದಷ್ಟಿವೆ, ಇವೇನೂ ಮಹಾಕೃತಿಗಳಲ್ಲ. ಆದರೆ ಚೆನ್ನಾಗಿ ಹೆಣೆದ ಚಿತ್ರಗಳಲ್ಲಿ ಮುಖ್ಯವಾದ ಸುಳಿವು ಬರುವುದು ಚಟಾಕಿಗೆ ಅರೆಗಳಿಗೆ ಹಿಂದೆ ಅಥವಾ ಮುಂದೆ. ನಗುವ ಪ್ರೇಕ್ಷಕ ಆ ಮಾತನ್ನು ಕೇಳಿರುತ್ತಾನೆ, ಎತ್ತಿಟ್ಟುಕೊಂಡಿರುವುದಿಲ್ಲ. ಕೊನೆಯಲ್ಲಿ ವರದಿಗಾರ ಅದನ್ನು ನೆನಪಿಸಿದಾಗ ಮೋಸವಾಯಿತೆಂದು ದೂರುವಂತೆಯೂ ಇಲ್ಲ. ಇದನ್ನು ಕನ್ನಡದಲ್ಲಿ ಪರೀಕ್ಷಿಸಿ ನೋಡಲು, ತಾಲ್ಲೂಕು ಕೇಂದ್ರವೊಂದರ ಸಂಜೆಪತ್ರಿಕೆಯ ವರದಿಗಾರನನ್ನು ಇಟ್ಟುಕೊಂಡು ಒಂದು ಏಕಾಂಕವನ್ನು ಬರೆದೆ. ಯಜಮಾನ ಸತ್ತ ಮನೆ. ಅಡುಗೆಯವರ ಹತ್ತಿರ ವರದಿಗಾರನ ಮಾತು ಹೀಗೆ ಸಾಗುತ್ತದೆ:

“ಒಂದು ಲೋಟ ಕಾಫಿ ಸಿಗುತ್ತಾ? ಯಜಮಾನರಿಗೆ ಅಂತ ಇಟ್ಟಿದ್ದೇ ಆದರೂ ನಡೀತದೆ, ಅವರಿಗೆ ಇನ್ನು ಅವಸರ ಇಲ್ಲ.”

“ನಿನ್ನೆ ಸಂಜೆಯಿಂದ ಮನೇಲಿ ಹಾಲೇ ಇಲ್ಲ ಸ್ವಾಮಿ. ಬರೀ ಡಿಕಾಕ್ಷನ್ ಇದೆ.”

“ತನ್ನಿ ತನ್ನಿ. ನಮ್ಮ ಪತ್ರಿಕೆಯವರು ಕೊಡೋ ಸಂಬಳಕ್ಕೆ ನಾನು ಹಾಲು ನೋಡಿ ವರ್ಷವಾಯ್ತು.”

ಪ್ರೇಕ್ಷಕರು ಸಂಬಳದ ಮಾತಿಗೆ ನಗುತ್ತಾರೆ. ರಾತ್ರಿ ಮಲಗುವ ಮುಂಚೆ ತಾನೇ ಬಿಸಿಹಾಲು ಕುಡಿಸಿದೆನೆಂದು ಮನೆಯ ಸೊಸೆ ಆಗಲೇ ಹೇಳಿರುತ್ತಾಳೆ. ಹಾಲಿಲ್ಲದ ಮನೆಯಲ್ಲಿ ಹಾಲು ಎಲ್ಲಿಂದ ಬಂತೆಂದು ಮೊದಲ ಪ್ರದರ್ಶನದಲ್ಲಿ ಸಭಾಂಗಣದಲ್ಲಿ ಯಾರೂ ಕೇಳಿಕೊಂಡಂತೆ ಕಾಣಲಿಲ್ಲ. ಎರಡನೆಯ ಚಟಾಕಿಯನ್ನು ತೆಗೆದುಹಾಕಿ ತಾಲೀಮಿನಲ್ಲಿ ಓದಿಸಿದಾಗ, ಕೇಳುತ್ತ ಕೂತಿದ್ದ ನಟರಲ್ಲಿ ಹೆಚ್ಚಿನವರು ಆ ಹಾಲನ್ನು ಹಿಡಿದುಬಿಟ್ಟರು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬೀಳುವುದು ಇಂಥ ಕೆಲಸಕ್ಕೆ ಅನುಕೂಲವೇ ಆಯಿತು. ನಗೆಯ ಹೊಡೆತ ಕೊನೆಯ ಪದದ ಮೇಲೆ ಬೀಳುವುದರಿಂದ ಅದಕ್ಕೆ ಮುಂಚಿನ ಮಾತು ತಾನಾಗಿಯೇ ಮರೆಗೆ ಸರಿಯುತ್ತದೆ. ಟಾರ್ಚಿಯ ವೇಗ ಮಾತ್ರ ನಮ್ಮ ನಟರಿಗೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಉತ್ತರ ತಡವಾಗದಿದ್ದರೆ ಸಾಕು, ಮಾತು ನಿಧಾನವಾಗಿದ್ದರೂ ಚುರುಕೆನಿಸುತ್ತದೆ.

ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತು ಎಂಬುದು ಈ ಚಿತ್ರಗಳಿಗೆ ಪುಕ್ಕಟೆ ಸಿಕ್ಕ ಇನ್ನೊಂದು ಆಸ್ತಿ. ಬಾಂಬು ಬೇಡ, ಬೆನ್ನಟ್ಟುವ ಕಾರು ಬೇಡ. ರಾತ್ರಿಯ ಆವೃತ್ತಿಗೆ ಇನ್ನು ಅರ್ಧ ಗಂಟೆ ಎಂದು ಸಂಪಾದಕ ಫೋನಿನಲ್ಲಿ ಕೂಗಿದರೆ ಕಥೆಗೆ ಗಡಿಯಾರ ಸಿಕ್ಕಿತು. ಪತ್ತೇದಾರ ನಾಳೆ ಬರಬಹುದು, ಪೊಲೀಸ್ ವಾರಂಟಿಗೆ ಕಾಯಬಹುದು, ವರದಿಗಾರ ಮಾತ್ರ ಈಗಲೇ ಕಿಟಕಿ ಹತ್ತಬೇಕು. ನನ್ನ ಹಾಳೆಯಲ್ಲಿ ಗಡಿಯಾರವಿಲ್ಲದ ಚಿತ್ರಗಳೆಲ್ಲ ನಡುಭಾಗದಲ್ಲಿ ಸೊರಗಿದ್ದವು. ವರದಿಗಾರನ ಪಾತ್ರವನ್ನಿಟ್ಟುಕೊಂಡೂ ಪತ್ರಿಕೆಯನ್ನೇ ಮರೆಯುವ ಚಿತ್ರಗಳು ಬೇಕಾದಷ್ಟಿವೆ, ಅವನ್ನು ಕೊನೆಯವರೆಗೂ ನೋಡುವುದು ಶಿಕ್ಷೆ.

ಮರೆಯದ ಚಿತ್ರವೆಂದರೆ ‘ದಿ ಡೆವಿಲ್ ಬ್ಯಾಟ್’ (1940). ಪಿ.ಆರ್.ಸಿ. ಕಂಪನಿಗೆ ಜೀನ್ ಯಾರ್‌ಬ್ರೋ ನಿರ್ದೇಶಿಸಿದ ಇದರಲ್ಲಿ ಬೆಲಾ ಲುಗೋಸಿ, ಬಾವಲಿಯನ್ನು ವಿದ್ಯುತ್ತಿನಿಂದ ಬೆಳೆಸಿ ದೈತ್ಯಾಕಾರಕ್ಕೆ ತರುವ ವಿಜ್ಞಾನಿ. ಒಂದು ಬಗೆಯ ವಾಸನೆಯ ದ್ರವವನ್ನು ಕ್ಷೌರದ ನಂತರ ಹಚ್ಚುವ ಹೊಸ ಲೋಷನ್ ಎಂದು ಶತ್ರುಗಳಿಗೆ ಕೊಡುತ್ತಾನೆ. ಆ ವಾಸನೆ ಹಿಡಿದು ಬಾವಲಿ ಎರಗುತ್ತದೆ. ಬಾವಲಿ ದಾರಕ್ಕೆ ಕಟ್ಟಿದ ಬೊಂಬೆಯೆಂಬುದು ಮಕ್ಕಳಿಗೂ ಗೊತ್ತಾಗುತ್ತದೆ. ಇದನ್ನು ಕಾಪಾಡುವುದು ಶಿಕಾಗೋದ ವರದಿಗಾರ ಜಾನಿ ಲೇಟನ್ ಮತ್ತು ‘ಒನ್‌ಶಾಟ್’ ಎಂಬ ಅಡ್ಡಹೆಸರಿನ ಛಾಯಾಗ್ರಾಹಕ. ಬಾವಲಿಯ ಚಿತ್ರ ಸಿಗದಿದ್ದಾಗ ಇವರು ಬೊಂಬೆ ಬಾವಲಿಯೊಂದನ್ನು ಇಟ್ಟು ಚಿತ್ರ ತೆಗೆದು ಪತ್ರಿಕೆಗೆ ಕಳಿಸುತ್ತಾರೆ. ಬೊಂಬೆಯ ಮೇಲಿದ್ದ ‘ಜಪಾನಿನಲ್ಲಿ ತಯಾರಾದದ್ದು’ ಎಂಬ ಅಕ್ಷರಗಳು ಚಿತ್ರದಲ್ಲಿ ಕಾಣಿಸಿ, ಇಬ್ಬರೂ ನಗೆಪಾಟಲಾಗಿ ಕೆಲಸ ಕಳೆದುಕೊಳ್ಳುತ್ತಾರೆ. ತನ್ನ ಬಾವಲಿ ಬೊಂಬೆಯೆಂದು ಪ್ರೇಕ್ಷಕ ನಗುವ ಮೊದಲೇ ಚಿತ್ರವೇ ಬೊಂಬೆ ಬಾವಲಿಯ ಬಗ್ಗೆ ನಕ್ಕುಬಿಡುತ್ತದೆ. ಇದನ್ನು ನಾನು ನೇರವಾಗಿ ಎತ್ತಿಕೊಂಡಿದ್ದೇನೆ: ನಮ್ಮ ವೇದಿಕೆಯ ಪಿಸ್ತೂಲು ಜಾತ್ರೆಯ ಆಟಿಕೆಯಂತಿದ್ದರೆ, ಮೊದಲ ದೃಶ್ಯದಲ್ಲೇ ವರದಿಗಾರನ ಬಾಯಲ್ಲಿ ಆ ಮಾತು ಬಂದುಹೋಗುತ್ತದೆ.

ಪಾಠದಷ್ಟೇ ಎಚ್ಚರಿಕೆಯನ್ನೂ ಕೊಟ್ಟದ್ದು ಮೊನೊಗ್ರಾಂನ ಚಿತ್ರಗಳು. ‘ದಿ ಮಿಸ್ಟೀರಿಯಸ್ ಮಿಸ್ಟರ್ ವಾಂಗ್’ (1934) ಚಿತ್ರದಲ್ಲಿ ವಾಲೇಸ್ ಫೋರ್ಡ್ ನಟಿಸಿದ ವರದಿಗಾರ ಚೀನೀ ಜನರ ಮೇಲೆ ಎಸೆಯುವ ಮಾತುಗಳನ್ನು ಇಂದು ಕೇಳುವುದಕ್ಕಾಗುವುದಿಲ್ಲ. ಲುಗೋಸಿ ಚೀನೀಯನಂತೆ ಮುಖ ಬಳಿದುಕೊಂಡು ಖಳನಾಗಿದ್ದಾನೆ. 1938ರಿಂದ ಬಂದ ಜೇಮ್ಸ್ ಲೀ ವಾಂಗ್ ಸರಣಿಯಲ್ಲಿ ಚೀನೀ ಪತ್ತೇದಾರನಾದದ್ದು ಬೋರಿಸ್ ಕಾರ್ಲಾಫ್; ಸಭ್ಯ, ಸೌಮ್ಯ ಪಾತ್ರವಾದರೂ ವೇಷ ವೇಷವೇ. ಸರಣಿಯ ಕೊನೆಯ ಚಿತ್ರಕ್ಕೆ ಮಾತ್ರ ಚೀನೀ ಮೂಲದ ನಟ ಕೀ ಲೂಕ್ ಬಂದ. ಚಟಾಕಿಗಳ ಅಂಕಣದಲ್ಲಿ ‘ಯಾರ ಮೇಲೆ’ ಎಂದು ಬರೆದುಕೊಂಡದ್ದು ಇಲ್ಲಿ ಉಪಯೋಗಕ್ಕೆ ಬಂತು. ಸಂಪಾದಕ, ಪೊಲೀಸ್ ಅಧಿಕಾರಿ, ಧನಿಕ, ಇಲ್ಲವೇ ತನ್ನ ಮೇಲೇ ಹಾರಿಸಿದ ಚಟಾಕಿಗಳಲ್ಲಿ ಹೆಚ್ಚಿನವು ಇನ್ನೂ ನಗಿಸುತ್ತವೆ. ತನಗಿಂತ ಕೆಳಗೆ ತಳ್ಳಲ್ಪಟ್ಟವರ ಮೇಲೆ ಹಾರಿಸಿದವುಗಳಲ್ಲಿ ಒಂದೂ ಉಳಿದಿಲ್ಲ.

ಅದೇ ಸರಣಿ ನನಗೆ ಒಂದು ಅಪರೂಪದ ಹೋಲಿಕೆಯನ್ನೂ ಒದಗಿಸಿತು. ಸ್ಕಾಟ್ ಡಾರ್ಲಿಂಗ್ ಬರೆದು ವಿಲಿಯಂ ನೈ ನಿರ್ದೇಶಿಸಿದ ‘ಮಿಸ್ಟರ್ ವಾಂಗ್ ಇನ್ ಚೈನಾಟೌನ್’ (1939) ಚಿತ್ರದ ಕಥೆಯನ್ನೇ ಅದೇ ಲೇಖಕನಿಂದ ಬರೆಸಿ, ಅದೇ ಕಂಪನಿ 1947ರಲ್ಲಿ ‘ದಿ ಚೈನೀಸ್ ರಿಂಗ್’ ಎಂದು ಮತ್ತೆ ತೆಗೆಯಿತು. ಪತ್ತೇದಾರನ ಹೆಸರು ಈಗ ಚಾರ್ಲಿ ಚಾನ್. ಎರಡರಲ್ಲೂ ಒಬ್ಬ ರಾಜಕುಮಾರಿ ಪತ್ತೇದಾರನ ಮನೆಗೆ ಬಂದು, ಅವನನ್ನು ಕಾಣುವ ಮೊದಲೇ ಕೊಲೆಯಾಗಿ, ‘ಕ್ಯಾಪ್ಟನ್’ ಎಂಬ ಪದವನ್ನೂ ಒಂದು ಅಕ್ಷರವನ್ನೂ ಬರೆದು ಸಾಯುತ್ತಾಳೆ. ಮೊದಲನೆಯದರಲ್ಲಿ ಮಾರ್ಜೊರಿ ರೆನಾಲ್ಡ್ಸ್‌ಳ ಬಾಬಿ ಲೋಗನ್, ಎರಡನೆಯದರಲ್ಲಿ ಲುಯೀಸ್ ಕರ್ರಿಯ ಪೆಗಿ ಎಂಬ ವರದಿಗಾರ್ತಿಯರು ಪೊಲೀಸರೊಡನೆ ಜಗಳವಾಡುತ್ತ ಸುದ್ದಿಗಾಗಿ ನುಗ್ಗುತ್ತಾರೆ. ಎರಡು ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ದೃಶ್ಯಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. ಆದರೂ ಮೊದಲನೆಯದು ಹಗುರವಾಗಿ ಓಡುತ್ತದೆ, ಎರಡನೆಯದು ಎಳೆಯುತ್ತದೆ. ನನ್ನ ತೀರ್ಮಾನದಂತೆ ವ್ಯತ್ಯಾಸ ಇರುವುದು ರೆನಾಲ್ಡ್ಸ್ ಮತ್ತು ಪೊಲೀಸ್ ಕ್ಯಾಪ್ಟನ್ ಆದ ಗ್ರಾಂಟ್ ವಿದರ್ಸ್ ಒಬ್ಬರ ಮಾತಿನ ಬಾಲವನ್ನು ಇನ್ನೊಬ್ಬರು ಕತ್ತರಿಸುವ ಸಲಿಗೆಯಲ್ಲಿ. ಬರಹದಲ್ಲಿ ಅದನ್ನು ತರುವುದು ಸಾಧ್ಯವಿಲ್ಲ. ತಾಲೀಮಿನಲ್ಲಿ ಮಾತ್ರ ಸಾಧ್ಯ. ಅಂದಿನಿಂದ ಇಂಥ ಜೋಡಿ ಪಾತ್ರಗಳಿಗೆ ಮೊದಲೇ ಪರಿಚಯವಿರುವ ನಟರನ್ನು ಕೊಡಿ ಎಂದು ನಿರ್ದೇಶಕರನ್ನು ಕೇಳಿಕೊಳ್ಳುತ್ತೇನೆ.

ನನ್ನ ಅಂಕಣಗಳಿಗೆ ಒಗ್ಗದ ಚಿತ್ರವೂ ಒಂದು ಸಿಕ್ಕಿತು, ಆರ್.ಕೆ.ಓ. ಸಂಸ್ಥೆಯ ‘ಸ್ಟ್ರೇಂಜರ್ ಆನ್ ದಿ ಥರ್ಡ್ ಫ್ಲೋರ್’ (1940). ಬೋರಿಸ್ ಇಂಗ್‌ಸ್ಟರ್ ನಿರ್ದೇಶಿಸಿದ, 64 ನಿಮಿಷದ ಈ ಅಗ್ಗದ ಚಿತ್ರವನ್ನು ಫಿಲ್ಮ್ ನುವಾರ್ ಎಂಬ, ಕತ್ತಲು ನೆರಳುಗಳ ಅಪರಾಧ ಚಿತ್ರಗಳ ಪರಂಪರೆಯ ಮೊದಲನೆಯದೆಂದು ಹಲವರು ಗುರುತಿಸುತ್ತಾರೆ. ನಾಯಕ ಮೈಕ್ ವಾರ್ಡ್ ವರದಿಗಾರನೇ. ಒಂದು ಕೊಲೆಯ ಮೊಕದ್ದಮೆಯಲ್ಲಿ ಅವನದೇ ಮುಖ್ಯ ಸಾಕ್ಷ್ಯ. ಆ ಸುದ್ದಿಯಿಂದಲೇ ಅವನಿಗೆ ಸಂಬಳ ಏರಿದೆ, ಮದುವೆಯಾಗುವ ಧೈರ್ಯ ಬಂದಿದೆ. ನ್ಯಾಯಾಲಯದಲ್ಲಿ ಜ್ಯೂರಿಯ ಸದಸ್ಯನೊಬ್ಬ ತೂಕಡಿಸುತ್ತಿದ್ದಾನೆ, ಕಟಕಟೆಯಲ್ಲಿರುವ ಹುಡುಗ ತಾನು ಕೊಂದಿಲ್ಲವೆಂದು ಅರಚುತ್ತಾನೆ. ಆಮೇಲೆ ಮೈಕ್‌ನ ಪಕ್ಕದ ಕೋಣೆಯವನೇ ಹೆಣವಾದಾಗ ಅನುಮಾನ ಮೈಕ್‌ನ ಮೇಲೆಯೇ ತಿರುಗುತ್ತದೆ. ಒಂದು ದುಃಸ್ವಪ್ನದ ದೃಶ್ಯ ಇದೆ; ನೆರಳುಗಳನ್ನು ಬಿಟ್ಟರೆ ಅಲ್ಲಿ ಸೆಟ್ಟೆಂಬುದೇ ಇಲ್ಲ, ಛಾಯಾಗ್ರಾಹಕ ನಿಕೋಲಸ್ ಮುಸುರಾಕಾ ಬೆಳಕಿನಿಂದಲೇ ಗೋಡೆಗಳನ್ನು ಕಟ್ಟಿದ್ದಾನೆ. ಮಾತು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕತ್ತಲು ಮಾಡುತ್ತದೆ, ಖರ್ಚು ಅದಕ್ಕಿಂತ ಹೆಚ್ಚೇನೂ ಆಗಿರಲಾರದು.

ಆ ಚಿತ್ರ ನೋಡಿದ ಮೇಲೆ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಅಂಕಣ ಎಳೆದೆ: ಈ ದೃಶ್ಯದಲ್ಲಿ ವರದಿಗಾರ ಬರೆದದ್ದರಿಂದ ಯಾರಿಗೆ ಏನಾಯಿತು. ಮೊದಲು ಬಿಡಿಸಿದ ಚಿತ್ರಗಳನ್ನು ಈ ಅಂಕಣಕ್ಕಾಗಿ ಮತ್ತೆ ನೋಡಿದಾಗ ಹೆಚ್ಚಿನವುಗಳಲ್ಲಿ ಅದು ಖಾಲಿಯೇ ಉಳಿಯಿತು. ‘ದಿ ಫ್ರಂಟ್ ಪೇಜ್’ನಲ್ಲಿ ಮಾತ್ರ ತುಂಬಿತು: ಗಲ್ಲಿಗೆ ಹೋಗಲಿರುವವನಿಗೆ ಕರುಣೆ ತೋರಿಸಿದ ಹೆಣ್ಣೊಬ್ಬಳು, ತನ್ನನ್ನು ಕುರಿತು ಅವರು ಬರೆದ ಸುಳ್ಳುಗಳಿಗೆ ಆ ವರದಿಗಾರರ ಕೋಣೆಗೇ ಬಂದು ಛೀಮಾರಿ ಹಾಕುತ್ತಾಳೆ, ಅಷ್ಟು ಹೊತ್ತು ಬಾಯಿ ಮುಚ್ಚದಿದ್ದವರಿಗೆ ಆಗ ಹೇಳುವುದಕ್ಕೆ ಏನೂ ಇರುವುದಿಲ್ಲ. ನನ್ನ ಏಕಾಂಕದ ಎರಡನೆಯ ಆವೃತ್ತಿಯಲ್ಲಿ ಸಂಜೆಪತ್ರಿಕೆಯ ವರದಿಗಾರ ಮನೆಯ ಸೊಸೆಯನ್ನು ಪೊಲೀಸರಿಗಿಂತ ಮೊದಲೇ ಕೊಲೆಗಾರಳೆಂದು ಅಚ್ಚು ಹಾಕಿಸಿಬಿಟ್ಟಿರುತ್ತಾನೆ, ಹಾಲು ತಂದವರು ಬೇರೆಯವರೆಂದು ಆಮೇಲೆ ತಿಳಿಯುತ್ತದೆ. ಅಡುಗೆಯವರು ಎರಡನೆಯ ಸಲ ಡಿಕಾಕ್ಷನ್ ತಂದುಕೊಡುವ ದೃಶ್ಯಕ್ಕೆ ಅವನ ಬಾಯಲ್ಲಿ ಇಡಬೇಕಾದ ಸಾಲನ್ನು ಇನ್ನೂ ಬರೆಯುತ್ತಿದ್ದೇನೆ.